ಪ್ಯಾಚ್ ಕಿತ್ತ ಮೇಲೂ ಉಳಿಯುವ ಮದ್ದು

ಸೊಂಟನೋವಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಪ್ಲಾಸ್ಟರನ್ನು ನೋವಿರುವ ಜಾಗಕ್ಕೇ ಅಂಟಿಸಿ ಅಭ್ಯಾಸವಾದವರು, ಕ್ಯಾನ್ಸರ್ ನೋವಿಗೆ ವೈದ್ಯರು ಬರೆದುಕೊಟ್ಟ ಫೆಂಟನಿಲ್ ಪ್ಯಾಚೂ ಅಂಥದ್ದೇ ಎಂದುಕೊಳ್ಳುವುದು ಸಹಜ. ನೋಡಲು ಎರಡೂ ಒಂದೇ ತರಹ. ಆದರೆ ಫೆಂಟನಿಲ್ ಚರ್ಮ ದಾಟಿ ರಕ್ತಕ್ಕಿಳಿದು, ಮಿದುಳು ಮತ್ತು ಬೆನ್ನುಹುರಿಗೆ ಹೋಗಿ ನೋವು ತಗ್ಗಿಸುತ್ತದೆ. ತೋಳಿಗೆ ಅಂಟಿಸಿದರೂ ಕಾಲಿನ ನೋವು ಇಳಿಯುತ್ತದೆ. ಉಸಿರಾಟ ನಡೆಸುವ ಮಿದುಳಿನ ಭಾಗವನ್ನೂ ಅದು ಅದೇ ದಾರಿಯಲ್ಲಿ ಮುಟ್ಟಿ, ಉಸಿರನ್ನು ನಿಧಾನಗೊಳಿಸಬಲ್ಲದು.

ಬೆಲ್ಜಿಯಂನ ಪಾಲ್ ಯಾನ್ಸೆನ್ 1960ರ ಸುಮಾರಿಗೆ ಸಿದ್ಧಪಡಿಸಿದ ಈ ಔಷಧ ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಪ್ರಬಲ. ಅಣು ಚಿಕ್ಕದು, ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತದೆ. ಹಾಗಾಗಿ ಚರ್ಮದ ಮೂಲಕ ಒಳಗೆ ಹೋಗಬಲ್ಲದು. 1990ರಲ್ಲಿ ಅಮೆರಿಕದಲ್ಲಿ ಇದರ ಪ್ಯಾಚ್‌ಗೆ ಅನುಮತಿ ಸಿಕ್ಕಿತು. ಒಮ್ಮೆ ಅಂಟಿಸಿದರೆ 72 ಗಂಟೆ. ಮಾತ್ರೆ ನುಂಗಲಾಗದ, ವಾಂತಿಯಿಂದ ಬಳಲುವ ರೋಗಿಗೆ ಇದು ದೊಡ್ಡ ಉಪಕಾರ. ಆ ಮಾತನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ನಮ್ಮ ದೇಶದಲ್ಲಿ ಇಂಥ ಔಷಧ ಸಿಗದೆ ನೋವಿನಲ್ಲೇ ಪ್ರಾಣ ಬಿಟ್ಟವರು ಬಹಳ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ತಂದದ್ದೇ ಆ ಕೊರತೆ ನೀಗಿಸಲು.

ಅಪಾಯ ಇರುವುದು ಈ ಪ್ಯಾಚಿನ ನಿಧಾನದಲ್ಲಿ. ಔಷಧ ಮೊದಲು ಚರ್ಮದ ಪದರಗಳಲ್ಲಿ ಶೇಖರವಾಗಿ, ಅಲ್ಲಿಂದ ರಕ್ತಕ್ಕೆ ಒಸರುತ್ತದೆ. ರಕ್ತದಲ್ಲಿ ಸಾಕಷ್ಟು ಏರಲು 12ರಿಂದ 24 ಗಂಟೆ ಬೇಕು. ಮೊದಲ ರಾತ್ರಿ ನೋವು ಇಳಿಯಲಿಲ್ಲವೆಂದು ಮನೆಯವರು ಇನ್ನೊಂದನ್ನು ಅಂಟಿಸಿದರೆ, ಮಾರನೆಯ ದಿನ ಎರಡೂ ಸೇರಿ ಏರುತ್ತವೆ. ಇಳಿಯುವಾಗಲೂ ಅದೇ ಕತೆ: ಪ್ಯಾಚ್ ಕಿತ್ತು 17 ಗಂಟೆ ಕಳೆದರೂ ರಕ್ತದಲ್ಲಿ ಸುಮಾರು ಅರ್ಧ ಉಳಿದಿರುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು ಹೊತ್ತು.

ಹಾಗಾಗಿಯೇ ಇದು ಹೊಸಬರ ಔಷಧವಲ್ಲ. ದಿನಕ್ಕೆ ಕನಿಷ್ಠ 60 ಮಿಲಿಗ್ರಾಂ ಮಾರ್ಫಿನ್ ಮಾತ್ರೆಯನ್ನು, ಅಥವಾ ಅದಕ್ಕೆ ಸಮನಾದ ಬೇರೆ ಓಪಿಯಾಯ್ಡನ್ನು (ಮಾರ್ಫಿನ್ ಗುಂಪಿನ ನೋವುನಿವಾರಕವನ್ನು), ಒಂದು ವಾರವಾದರೂ ತೆಗೆದುಕೊಂಡು ಮೈ ಒಗ್ಗಿದವರಿಗೆ ಮಾತ್ರ ಕೊಡಬೇಕೆಂಬುದು ಅಮೆರಿಕದ ನಿಯಮ. ಹಲ್ಲು ಕೀಳಿಸಿಕೊಂಡವರಿಗೆ, ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದವರಿಗೆ ಇದು ಸಲ್ಲದು. ಪಕ್ಕದ ಮನೆಯವರು ಕರುಣೆಯಿಂದ ಕೊಟ್ಟರೂ ಅಂಟಿಸಿಕೊಳ್ಳಬಾರದು.

ಶಾಖದ ವಿಷಯವನ್ನು ನಮ್ಮ ಮನೆಗಳಲ್ಲಿ ಒತ್ತಿ ಹೇಳಬೇಕಾಗಿದೆ. ಮೈ 40 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ರಕ್ತದಲ್ಲಿ ಫೆಂಟನಿಲ್ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಏರಬಹುದು. ಜ್ವರ ಬಂದಾಗ ಇದೇ ಆಗುವುದು. ಅಜ್ಜಿಗೆ ಮೈಕೈ ನೋವೆಂದು ಬಿಸಿನೀರಿನ ಚೀಲ ಇಟ್ಟರೆ, ಕುದಿಯುವಷ್ಟು ಬಿಸಿಯ ನೀರು ಹೊಯ್ದು ಎಣ್ಣೆಸ್ನಾನ ಮಾಡಿಸಿದರೆ, ಪ್ರೀತಿಯ ಆ ಕೆಲಸವೇ ಔಷಧವನ್ನು ಬೇಗ ಒಳಕ್ಕೆ ನೂಕುತ್ತದೆ. ಶಾಖವಷ್ಟೇ ಅಲ್ಲ, ಕೆಲವು ಆಂಟಿಬಯೋಟಿಕ್ ಮತ್ತು ಫಂಗಸ್ ಮಾತ್ರೆಗಳೂ ರಕ್ತದಲ್ಲಿ ಅದರ ಪ್ರಮಾಣ ಏರಿಸಬಲ್ಲವು: ಉದಾಹರಣೆಗೆ ಕ್ಲಾರಿಥ್ರೊಮೈಸಿನ್, ಕೀಟೊಕೊನಜೋಲ್, ಫೆಂಟನಿಲ್ಲನ್ನು ಒಡೆಯುವ ಯಕೃತ್ತಿನ ಕಿಣ್ವವನ್ನು ತಡೆಯುತ್ತವೆ. ಯಾವ ವೈದ್ಯರ ಬಳಿ ಹೋದರೂ ಪ್ಯಾಚ್ ಇದೆಯೆಂದು ಹೇಳಲೇಬೇಕು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಮಕ್ಕಳ ಸಾವು. ಮೂರು ದಿನ ಬಳಸಿ ಕಿತ್ತ ಪ್ಯಾಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಔಷಧ ಉಳಿದಿರಬಹುದು. ಅಮೆರಿಕದ ವೃದ್ಧಾಶ್ರಮವೊಂದರಲ್ಲಿ ನೆಲಕ್ಕೆ ಬಿದ್ದಿದ್ದ ಪ್ಯಾಚ್, ಮುತ್ತಜ್ಜಿಯನ್ನು ನೋಡಲು ಬಂದಿದ್ದ ಎರಡು ವರ್ಷದ ಹುಡುಗನ ಆಟದ ಲಾರಿಯ ಚಕ್ರಕ್ಕೆ ಅಂಟಿತ್ತೆಂದು ವರದಿಯಾಗಿದೆ. ಮಗು ಅದನ್ನು ಬಾಯಿಗಿಟ್ಟುಕೊಂಡು ತೀರಿಕೊಂಡಿತು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಿಂದ ಬಂದ ಇಂಥ 26 ಪ್ರಕರಣಗಳನ್ನು ಲೆಕ್ಕ ಹಾಕಿತು: 10 ಮಕ್ಕಳು ಸತ್ತಿದ್ದರು, 12 ಮಕ್ಕಳು ಆಸ್ಪತ್ರೆ ಸೇರಿದ್ದರು. ಹೆಚ್ಚಿನವು ಎರಡು ವರ್ಷ ಅಥವಾ ಅದಕ್ಕಿಂತ ಚಿಕ್ಕವು. ಅಜ್ಜ ಅಜ್ಜಿಯನ್ನು ತಬ್ಬಿ ಮಲಗಿದಾಗಲೂ ಪ್ಯಾಚ್ ಸಡಿಲವಾಗಿ ಮಗುವಿನ ಮೈಗೆ ಅಂಟಿಕೊಳ್ಳಬಹುದು. ಅಂಚು ಎದ್ದಿದೆಯೇ ಎಂದು ದಿನವೂ ಬೆರಳಾಡಿಸಿ ನೋಡಬೇಕು.

ಕಿತ್ತ ಕೂಡಲೇ ಅಂಟಿನ ಭಾಗ ಒಳಗಾಗುವಂತೆ ಮಡಚಿ ಟಾಯ್ಲೆಟ್‌ಗೆ ಹಾಕಿ ನೀರು ಬಿಡಿ. ಸಾಮಾನ್ಯವಾಗಿ ಔಷಧವನ್ನು ನೀರಿಗೆ ಬಿಡಬಾರದು, ನಿಜ. ಆದರೆ 2025ರಲ್ಲಿ ಭಾರತದ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯೂ ಫೆಂಟನಿಲ್ ಸೇರಿದಂತೆ 17 ಔಷಧಗಳನ್ನು ಹೀಗೇ ವಿಲೇವಾರಿ ಮಾಡಲು ಹೇಳಿದೆ. ಕಸದ ಬುಟ್ಟಿ ಮಕ್ಕಳ ಕೈಗೆ ಎಟುಕುತ್ತದೆ.

ಎಬ್ಬಿಸಿದರೂ ಏಳದ ನಿದ್ದೆ, ಎಂದೂ ಇಲ್ಲದ ಗೊರಕೆ, ತೀರ ನಿಧಾನವಾದ ಉಸಿರು, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ ಕಂಡರೆ ಪ್ಯಾಚ್ ಕಿತ್ತು 108ಕ್ಕೆ ಫೋನ್ ಮಾಡಿ. ಬೆನ್ನು, ಭುಜಗಳಲ್ಲಿ ಇನ್ನೊಂದು ಪ್ಯಾಚ್ ಉಳಿದಿದೆಯೇ ಹುಡುಕಿ. ಆಸ್ಪತ್ರೆಯಲ್ಲಿ ಕೊಡುವ ನಾಲೊಕ್ಸೋನ್ ಚುಚ್ಚುಮದ್ದು ನಿಮಿಷಗಳಲ್ಲಿ ಎಚ್ಚರ ತರಬಲ್ಲದು. ಆದರೆ ಅದರ ಬಲ ಒಂದೂವರೆ ಗಂಟೆಯೊಳಗೆ ಇಳಿಯಬಹುದು, ಚರ್ಮದಲ್ಲಿ ಶೇಖರವಾದ ಫೆಂಟನಿಲ್ ಮಾತ್ರ ಆಗಲೂ ಒಸರುತ್ತಲೇ ಇರುತ್ತದೆ. ಎಚ್ಚರವಾಯಿತೆಂದು ಅದೇ ಸಂಜೆ ಮನೆಗೆ ಕರೆದುಕೊಂಡು ಹೊರಡಬೇಡಿ. ಒಂದು ದಿನವಾದರೂ ಅಲ್ಲೇ ಇರಿಸಿಕೊಳ್ಳಲು ವೈದ್ಯರನ್ನು ಕೇಳಿ.