ಹೆಸರು ಸೂಚಿಸುವವರು ಯಾರು?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಮನುಷ್ಯನು ಅದ್ಭುತಪ್ರಿಯನು. ಕಂಡುದಕ್ಕಿಂತ ಕಾಣದುದರ ಕಥೆಯೇ ಅವನಿಗೆ ಹೆಚ್ಚು ರುಚಿ. ಹತ್ತು ತಲೆಯ ರಾವಣ, ಮೋಡದ ಮರೆಯಲ್ಲಿ ನಿಂತು ಬಾಣ ಬಿಡುವ ಇಂದ್ರಜಿತು, ಹೆಣ್ಣಿನ ರೂಪ ತಾಳಿ ಬರುವ ನಾಗಿಣಿ, ಬೆಂಕಿ ಉಗುಳುವ ರೆಕ್ಕೆಯ ಸರ್ಪ - ಇವುಗಳಲ್ಲಿ ಒಂದನ್ನಾದರೂ ಕಣ್ಣಾರೆ ಕಂಡವರಿಲ್ಲ. ಆದರೂ ಇವುಗಳ ಆಟವಿದೆಯೆಂದರೆ ಸಾಕು, ಊರಿಗೆ ಊರೇ ನಿದ್ದೆಗೆಟ್ಟು ಕೂಡುತ್ತದೆ. ಹಿಂದೆ ಹಾಗೆ ಕೂಡುತ್ತಿದ್ದುದು ದೊಡ್ಡಾಟದ ಅಟ್ಟದ ಮುಂದೆ, ಈಗ ಟಿ.ವಿ. ಪೆಟ್ಟಿಗೆಯ ಮುಂದೆ, ಇಲ್ಲವೆ ಅಂಗೈಯೊಳಗಿನ ಮೊಬೈಲಿನ ಮುಂದೆ. ಸ್ಥಳ ಬದಲಾಯಿತು, ಚಪಲ ಬದಲಾಗಲಿಲ್ಲ.

ನಮ್ಮೂರು ಮಣ್ಣೂರ. ಅಫಜಲಪುರ ತಾಲೂಕಿನಲ್ಲಿ ಭೀಮಾ ನದಿಯ ದಂಡೆಯ ಮೇಲಿದೆ. ಯಲ್ಲಮ್ಮನ ಗುಡಿಯಿಂದ ಸುತ್ತಲಿನ ಸೀಮೆಗೆಲ್ಲ ಪರಿಚಿತವಾದ ಊರು. ಸಂಜೆ ರೊಟ್ಟಿ ಬಡಿದು ಮುಗಿಸಿದ ಮೇಲೆ ನಮ್ಮ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳು ಕೂಡುತ್ತಾರೆ. ಧಾರಾವಾಹಿ ಅರ್ಧ ತಾಸು ನಡೆದರೆ ಅದರ ಮೇಲಿನ ಚರ್ಚೆ ಒಂದು ತಾಸು ನಡೆಯುತ್ತದೆ. ವರ್ಷಕ್ಕೊಮ್ಮೆ ಚಾನೆಲ್‌ಗಳು ಪ್ರಶಸ್ತಿ ಸಮಾರಂಭ ಮಾಡುವಾಗಲಂತೂ ಅದು ಚರ್ಚೆಯಾಗಿ ಉಳಿಯುವುದಿಲ್ಲ, ಕಾಳಗವೇ ಆಗುತ್ತದೆ. ಇಂಥವರಿಗೆ ಯಾಕೆ ಬರಲಿಲ್ಲ, ಅಂಥವರಿಗೆ ಹೇಗೆ ಬಂತು ಎಂದು ಮಾತು ಏರುತ್ತದೆ. ಒಂದು ದಿನ ನಮ್ಮ ಚಿಕ್ಕಮ್ಮ, ತನ್ನ ಮೆಚ್ಚಿನ ನಟಿ 'ನಾಮಿನೇಟ್' ಆಗಿದ್ದಾಳೆಂದು ಸಂತೋಷದಿಂದ ಹೇಳಿದಳು. ಕೂಡಲೆ ಆಯಿ ಹಣೆಗೆ ಕೈ ಹಚ್ಚಿಕೊಂಡು, "ಅಯ್ಯೋ ಪಾಪ! ಹಂಗಾರ ಮನಿಗಿ ಕಳಸ್ತಾರಲ್ಲೇ ಅಕಿನ್ನ!" ಎಂದಳು. ಎಲ್ಲರೂ ನಕ್ಕರು. ಆಯಿಯ ತಪ್ಪೇನೂ ಇರಲಿಲ್ಲ. ಆಕೆ ಆ ಶಬ್ದ ಕೇಳಿದ್ದು 'ಬಿಗ್ ಬಾಸ್' ಆಟದಲ್ಲಿ. ಅಲ್ಲಿ ಅದರ ಅರ್ಥ ಹೊರಹಾಕಲು ಹೆಸರು ಹೇಳುವುದು. ಪ್ರಶಸ್ತಿಯ ಮಾತಿನಲ್ಲಿ ಅದೇ ಶಬ್ದ ಗೌರವಕ್ಕಾಗಿ ಹೆಸರು ಹೇಳುವುದಾಗುತ್ತದೆ. ನಗು ಮುಗಿದ ಮೇಲೆ ನನಗೊಂದು ವಿಚಾರ ಬಂತು: ನಕ್ಕ ನಮಗಾದರೂ ಈ ಶಬ್ದದ ಅರ್ಥ ಪೂರ್ತಿ ಗೊತ್ತಿದೆಯೆ? ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ನಾಮನಿರ್ದೇಶನವೆಂದರೆ ಜನಪ್ರಿಯತೆಯಲ್ಲ, ಪ್ರಶಸ್ತಿಯೂ ಅಲ್ಲ. ಅದು ಇವೆರಡರ ನಡುವಿನ ಬಾಗಿಲು. ನಮ್ಮ ಪರೀಕ್ಷೆಯ ಉದಾಹರಣೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ವಿದ್ಯಾರ್ಥಿ ಮೊದಲು ಪರೀಕ್ಷೆಯ ಫಾರ್ಮು ತುಂಬಬೇಕು, ಆಮೇಲೆ ಹಾಲ್ ಟಿಕೆಟ್ ಬರಬೇಕು, ಕೊನೆಗೆ ಫಲಿತಾಂಶ. ಪ್ರಶಸ್ತಿಗೂ ಹೀಗೆಯೇ ಮೂರು ಮೆಟ್ಟಿಲು. ಮೊದಲನೆಯದು ಯಾರಾದರೊಬ್ಬರು ಹೆಸರನ್ನು ಸಲ್ಲಿಸುವುದು. ಎರಡನೆಯದು ಸಲ್ಲಿಸಿದ ಹೆಸರುಗಳಲ್ಲಿ ಕೆಲವನ್ನು ಆರಿಸಿ ಪಟ್ಟಿ ಮಾಡುವುದು. ಮೂರನೆಯದು ಆ ಪಟ್ಟಿಯಿಂದ ಒಬ್ಬರಿಗೆ ಪ್ರಶಸ್ತಿ ಕೊಡುವುದು. ಎಷ್ಟೇ ಜಾಣನಾಗಲಿ, ಫಾರ್ಮು ತುಂಬದ ವಿದ್ಯಾರ್ಥಿ ಪಾಸಾಗಲಾರನು. ಅಭಿಮಾನಿಗಳು ಜಗಳಾಡುವುದು ಮೂರನೆಯ ಮೆಟ್ಟಿಲಿನ ಮೇಲೆ. ಆದರೆ ಎಷ್ಟೋ ಸಲ ಮಾತು ಮುಗಿದಿರುವುದು ಮೊದಲನೆಯ ಮೆಟ್ಟಿಲಿನಲ್ಲಿಯೆ.

ನಮ್ಮ ಕನ್ನಡ ಧಾರಾವಾಹಿಗಳನ್ನೇ ನೋಡೋಣ. 2016ರಲ್ಲಿ ಜೀ ಕನ್ನಡದಲ್ಲಿ 'ನಾಗಿಣಿ'ಯೂ ಸ್ಟಾರ್ ಸುವರ್ಣದಲ್ಲಿ 'ಹರ ಹರ ಮಹಾದೇವ'ವೂ ಬಂದವು; 2017ರಲ್ಲಿ ಕಲರ್ಸ್ ಕನ್ನಡದಲ್ಲಿ 'ಶನಿ' ಬಂತು. ಮೂರೂ ಅದ್ಭುತ ಕಥೆಗಳೆ. ಇವುಗಳಲ್ಲಿ ಯಾವುದು ಹೆಚ್ಚಿನದೆಂದು ನಮ್ಮ ಪಡಸಾಲೆಯಲ್ಲಿ ಆದ ವಾದಗಳಿಗೆ ಲೆಕ್ಕವಿಲ್ಲ. ಆದರೆ ಜೀ ಕನ್ನಡದ 'ಕುಟುಂಬ ಅವಾರ್ಡ್ಸ್' ಆ ಚಾನೆಲ್ಲಿನ ಧಾರಾವಾಹಿಗಳಿಗೆ ಮಾತ್ರ. ಕಲರ್ಸ್ ಕನ್ನಡದ 'ಅನುಬಂಧ ಅವಾರ್ಡ್ಸ್' ಅದರ ಧಾರಾವಾಹಿಗಳಿಗೆ ಮಾತ್ರ. ಆದ್ದರಿಂದ ನಾಗಿಣಿಯೂ ಶನಿಯೂ ಅಲ್ಲಿ ಒಂದೇ ಪಟ್ಟಿಯಲ್ಲಿ ಎದುರುಬದುರು ನಿಲ್ಲುವುದೇ ಇಲ್ಲ. ಇವು ಮನೆಯವರು ಮನೆಯ ಮಕ್ಕಳಿಗೆ ಬೆಲ್ಲ ಹಂಚಿದ ಹಾಗೆ. ಅದರಲ್ಲಿ ತಪ್ಪಿಲ್ಲ. ಆದರೆ ಆ ಬೆಲ್ಲವನ್ನು ತೋರಿಸಿ ನೆರೆಮನೆಯ ಮಗುವನ್ನು ಹೀಗಳೆಯುವುದು ಸರಿಯಲ್ಲ. ಯಾವ ಪ್ರಶಸ್ತಿಯ ಸುದ್ದಿ ಬಂದಾಗಲೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಪಟ್ಟಿಗೆ ಯಾರು ಅರ್ಹರು? ಆರಿಸುವವರು ಯಾರು?

ಆರಿಸುವವರು ಬೇರೆಯಾದರೆ ಫಲವೂ ಬೇರೆಯಾಗುತ್ತದೆಂಬುದಕ್ಕೆ ಹೊರದೇಶದ ಒಂದು ಉದಾಹರಣೆ ಉಂಟು. ಅಮೆರಿಕೆಯಲ್ಲಿ ಟಿ.ವಿ. ಕಾರ್ಯಕ್ರಮಗಳಿಗೆ ಕೊಡುವ ದೊಡ್ಡ ಪ್ರಶಸ್ತಿಗೆ 'ಎಮ್ಮಿ' ಎಂದು ಹೆಸರು. ಅಲ್ಲಿ ನೋಡುಗರ ಮತವಿಲ್ಲ. ಟೆಲಿವಿಷನ್ ಅಕಾಡೆಮಿಯ ಸದಸ್ಯರು, ಅಂದರೆ ಅದೇ ವೃತ್ತಿಯವರು, ಮತ ಹಾಕುತ್ತಾರೆ. ನಟರ ಪಟ್ಟಿಯನ್ನು ನಟರು, ಸಂಕಲನಕಾರರ ಪಟ್ಟಿಯನ್ನು ಸಂಕಲನಕಾರರು ಆರಿಸುವ ಪದ್ಧತಿ ಅಲ್ಲಿಯದು. 'ಗೇಮ್ ಆಫ್ ಥ್ರೋನ್ಸ್' ಎಂಬ ಅದ್ಭುತ ಕಥೆಯ ಧಾರಾವಾಹಿ 2011ರಿಂದ 2019ರ ವರೆಗೆ ನಡೆಯಿತು. ಮೊದಲ ವರ್ಷ ಅದಕ್ಕೆ 13 ನಾಮನಿರ್ದೇಶನಗಳು ದೊರೆತು 2 ಪ್ರಶಸ್ತಿಗಳು ಬಂದವು. ಕೊನೆಯ ವರ್ಷ 32 ನಾಮನಿರ್ದೇಶನ, 12 ಪ್ರಶಸ್ತಿ! ಆದರೆ ಅದೇ ಕೊನೆಯ ಭಾಗವನ್ನು ಮತ್ತೊಮ್ಮೆ ಬರೆದು ತೆಗೆಯಬೇಕೆಂದು ಹತ್ತು ಲಕ್ಷಕ್ಕೂ ಮಿಕ್ಕ ಅಭಿಮಾನಿಗಳು ಮನವಿಗೆ ಸಹಿ ಹಾಕಿದ್ದರು. ಜನ ಮುನಿದ ವರ್ಷವೇ ವೃತ್ತಿಯವರು ಅದಕ್ಕೆ ಅತ್ಯುತ್ತಮ ಧಾರಾವಾಹಿಯ ಪಟ್ಟ ಕಟ್ಟಿದರು. ಯಾರದು ಸರಿ? ಇಬ್ಬರೂ ತೂಗಿದ್ದು ಒಂದನ್ನೇ ಅಲ್ಲ. ಜನ ತೂಗಿದ್ದು ಕಥೆಯ ಮುಕ್ತಾಯವನ್ನು. ವೃತ್ತಿಯವರು ಕೆಲಸವನ್ನೂ ತೂಗಿದರು. ಆ 12ರಲ್ಲಿ 10 ಪ್ರಶಸ್ತಿಗಳು ವೇಷಭೂಷಣ, ಬಣ್ಣಗಾರಿಕೆ, ಸಂಗೀತ, ಧ್ವನಿ, ಸಂಕಲನ, ಸಾಹಸ, ದೃಶ್ಯಚಮತ್ಕಾರ ಮೊದಲಾದ ತೆರೆಯ ಹಿಂದಿನ ಕೆಲಸಗಳಿಗೆ ಸಂದವು.

ಇದು ಸಹಜವೇ ಆಗಿದೆ. ಸಂಸಾರದ ಕಥೆಗೆ ಒಂದು ಮನೆ, ನಾಲ್ಕು ಜನ ಸಾಕು. ಅದ್ಭುತ ಕಥೆಗೆ ಇಲ್ಲದ ಲೋಕವನ್ನೇ ಕಟ್ಟಬೇಕು. ಕಟ್ಟುವವರ ಕೈ ಅದರಲ್ಲಿ ಹೆಚ್ಚು. ನಮ್ಮ ದೊಡ್ಡಾಟದಲ್ಲಿಯೂ ಹೀಗೆಯೆ. ರಾಕ್ಷಸನ ಪ್ರವೇಶದ ಹೊತ್ತಿಗೆ ಪಂಜಿನ ಮೇಲೆ ರಾಳದ ಪುಡಿ ಎರಚುತ್ತಿದ್ದವನು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಭಗ್ಗನೆ ಎದ್ದ ಆ ಉರಿಯಿಲ್ಲದಿದ್ದರೆ ರಾಕ್ಷಸನು ಬಣ್ಣ ಬಳಿದುಕೊಂಡ ನಮ್ಮೂರ ಒಕ್ಕಲಿಗನಾಗಿಯೇ ಉಳಿಯುತ್ತಿದ್ದನು!

ಅದೇ ಧಾರಾವಾಹಿಯ ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಹೆಚ್ಚು ನಾಟಿದೆ. 2019ರಲ್ಲಿ ಅದರ ಆಲ್ಫಿ ಆಲನ್, ಗ್ವೆಂಡೊಲಿನ್ ಕ್ರಿಸ್ಟಿ, ಕ್ಯಾರಿಸ್ ವಾನ್ ಹೌಟನ್ ಎಂಬ ಮೂವರು ಕಲಾವಿದರ ಹೆಸರನ್ನು ಅವರ ಚಾನೆಲ್ ಸಲ್ಲಿಸಿರಲಿಲ್ಲ. ಮೂವರೂ ತಮ್ಮ ಹೆಸರನ್ನು ತಾವೇ ಶುಲ್ಕ ತೆತ್ತು ಸಲ್ಲಿಸುವ ವ್ಯವಸ್ಥೆ ಮಾಡಿದರು. ಮೂವರೂ ನಾಮನಿರ್ದೇಶಿತರಾದರು. ಪ್ರಶಸ್ತಿ ಒಬ್ಬರಿಗೂ ಬರಲಿಲ್ಲ, ನಿಜ. ಆದರೆ ಕೇಳದೆ ಕುಳಿತಿದ್ದರೆ ಆ ಪಟ್ಟಿಯಲ್ಲಿ ಅವರ ಹೆಸರೇ ಇರುತ್ತಿರಲಿಲ್ಲ. ಅಳದ ಕೂಸಿಗೆ ಹಾಲಿಲ್ಲವೆಂಬ ಗಾದೆ ಅಮೆರಿಕೆಗೂ ಸಲ್ಲುತ್ತದೆ.

ಇನ್ನು ನಮ್ಮ ದೇಶಕ್ಕೆ ಬರೋಣ. ರಮಾನಂದ ಸಾಗರರ 'ರಾಮಾಯಣ' 1987ರ ಜನವರಿ 25ರಂದು ದೂರದರ್ಶನದಲ್ಲಿ ಆರಂಭವಾಯಿತು. ಟಿ.ವಿ. ಇದ್ದ ಒಂದೇ ಮನೆಯಲ್ಲಿ ಊರೆಲ್ಲ ಕೂತು ನೋಡುತ್ತಿದ್ದ ಕಾಲವದು ಎಂದು ಹಿರಿಯರು ಹೇಳುತ್ತಾರೆ. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆದಾಗ ಅದನ್ನು ಮತ್ತೆ ಪ್ರಸಾರ ಮಾಡಿದರು. ಆ ಏಪ್ರಿಲ್ 16ರ ಒಂದೇ ದಿನ 7.7 ಕೋಟಿ ಜನ ನೋಡಿದರೆಂದು ದೂರದರ್ಶನ ಪ್ರಕಟಿಸಿತು. ಅದೇ ದಿನಗಳಲ್ಲಿ ರಾಮನ ಪಾತ್ರಧಾರಿ ಅರುಣ್ ಗೋವಿಲ್ ಅಭಿಮಾನಿಗಳ ಪ್ರಶ್ನೆಗೆ ಉತ್ತರ ಕೊಡುತ್ತ, ಯಾವ ಸರಕಾರವೂ ತಮ್ಮನ್ನು ಈ ವರೆಗೆ ಸನ್ಮಾನಿಸಿಲ್ಲವೆಂದು ಹೇಳಿದರು. ಅಭಿಮಾನಿಗಳು ಕೆರಳಿ, ರಾಮಾಯಣದ ಕಲಾವಿದರಿಗೆ ಪ್ರಶಸ್ತಿ ಕೊಡಬೇಕೆಂದು ಕೂಗೆಬ್ಬಿಸಿದರು. ತಾವು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟೆವಷ್ಟೆ, ಜನರ ಪ್ರೀತಿಯೇ ದೊಡ್ಡದೆಂದು ಗೋವಿಲ್ ಆಮೇಲೆ ಸಮಾಧಾನ ಹೇಳಿದರು. ನಿರ್ಮಾಪಕ ಸಾಗರರಿಗೆ 2000ದಲ್ಲಿ ಪದ್ಮಶ್ರೀ ಬಂದಿತ್ತು. ಕೋಟಿ ಜನ ಕೈಮುಗಿದ ರಾಮನ ಹೆಸರು ಮಾತ್ರ ಮೂವತ್ತಕ್ಕೂ ಹೆಚ್ಚು ವರ್ಷ ಯಾವ ಸರಕಾರದ ಪಟ್ಟಿಗೂ ಏರಿರಲಿಲ್ಲ. ಕೈಮುಗಿಯುವುದು ಬೇರೆ, ಹೆಸರು ಬರೆದು ಕೊಡುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಹೆಸರು ಬರೆದು ಕೊಡುವ ಅಧಿಕಾರ ದೊಡ್ಡವರಿಗೆ ಮಾತ್ರ ಇದೆಯೆಂಬ ತಿಳುವಳಿಕೆ ನಮ್ಮಲ್ಲಿದೆ. ಅದು ತಪ್ಪು. ಪದ್ಮ ಪ್ರಶಸ್ತಿಗಳಿಗೆ ಯಾವ ನಾಗರಿಕನೂ ಕೇಂದ್ರ ಸರಕಾರದ ಜಾಲತಾಣದಲ್ಲಿ ಹೆಸರು ಸೂಚಿಸಬಹುದು. ತನ್ನ ಹೆಸರನ್ನು ತಾನೇ ಸೂಚಿಸಲೂ ಅಡ್ಡಿಯಿಲ್ಲ. ಸಾಧಕರ ಕೆಲಸವನ್ನು ಗರಿಷ್ಠ 800 ಶಬ್ದಗಳಲ್ಲಿ ವಿವರಿಸಬೇಕು, ಅಷ್ಟೆ. 2025ರಲ್ಲಿ ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ದೊರೆತಾಗ ಅವರಿಗೆ ತೊಂಬತ್ತಾರು ವರ್ಷವೆಂದು ಪತ್ರಿಕೆಗಳು ಬರೆದವು. ಅವರ ಕಲೆ ತೊಗಲುಗೊಂಬೆಯಾಟ. ಹಿಂದೆ ದೀಪ, ಮುಂದೆ ಬಿಳಿಯ ಪರದೆ, ಪರದೆಯ ಮೇಲೆ ರಾಮ ರಾವಣರ ನೆರಳು. ವಿಚಾರಿಸಿ ನೋಡಿದರೆ ನಮ್ಮ ಟಿ.ವಿ.ಗೆ ಮುತ್ತಜ್ಜಿ ಈ ಪರದೆಯೆ. ಕೊಪ್ಪಳವೂ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆ. ಆ ಸುದ್ದಿ ಬಂದ ದಿನ ನಮ್ಮ ಮುತ್ಯಾ ಮೊಬೈಲಿನಲ್ಲಿ ಅವರ ಚಿತ್ರವನ್ನು ಬಹಳ ಹೊತ್ತು ನೋಡಿದ.

ಇಲ್ಲಿ ನನ್ನ ಮುತ್ಯಾನ ವಿಷಯ ಹೇಳಲೇಬೇಕು. ಆತ ಹರೆಯದಲ್ಲಿ ಊರಿನ ಆಟದಲ್ಲಿ ಇಂದ್ರಜಿತುವಿನ ಪಾತ್ರ ಮಾಡುತ್ತಿದ್ದ. ಓದು ಬರಹ ತಿಳಿಯದು. ಮಾಸ್ತರ ಬಾಯಿಪಾಠ ಹೇಳಿಸಿದ ಇಡೀ ಪಾತ್ರ ಇಂದಿಗೂ ನಾಲಗೆಯ ಮೇಲಿದೆ. ಆಗಿನ ಪ್ರಶಸ್ತಿಯೆಂದರೆ ಆಯೇರಿ. ಮೆಚ್ಚಿದವನು ಆಟದ ನಡುವೆಯೇ ಅಟ್ಟ ಹತ್ತಿ ಟವೆಲ್ಲೊಂದನ್ನು ಹೊದಿಸಿ ರೂಪಾಯಿ ಕೊಡುತ್ತಿದ್ದ. ಕೊಟ್ಟವನ ಹೆಸರು, ಪಡೆದವನ ಹೆಸರು ಎರಡನ್ನೂ ಕೂಗಿ ಹೇಳುತ್ತಿದ್ದರು. ಅಲ್ಲಿ ಅರ್ಜಿಯಿಲ್ಲ, ಪಟ್ಟಿಯಿಲ್ಲ, ತಡವೂ ಇಲ್ಲ. ಮೆಚ್ಚುಗೆ ಹುಟ್ಟಿದ ಗಳಿಗೆಯಲ್ಲಿಯೇ ಸನ್ಮಾನ. ಆದರೆ ಕೂಗಿದ ಹೆಸರು ಬೆಳಗಿನೊಳಗಾಗಿ ಗಾಳಿಯಲ್ಲಿ ಕರಗುತ್ತಿತ್ತು.

ವೃದ್ಧ ಕಲಾವಿದರಿಗೆ ರಾಜ್ಯ ಸರಕಾರ ಮಾಸಾಶನ ಕೊಡುತ್ತದೆಂಬುದು ನನಗೆ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ. ನಮ್ಮ ಮನೆಯಲ್ಲಿ ಅರ್ಜಿ ತುಂಬಬಲ್ಲವಳು ನಾನೊಬ್ಬಳೆ. ಮೊದಲ ವರ್ಷ ನನ್ನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕೆಂಬುದೇ ತಿಳಿಯದೆ ಅದನ್ನು ಕಳೆದುಕೊಂಡಿದ್ದೆ. ಆ ಪಾಠ ಮರೆಯುವಂತಹದಲ್ಲ. ಹೀಗಾಗಿ ಈ ವರ್ಷ ಮುತ್ಯಾನ ಅರ್ಜಿಗೆ ಕೂತೆ. ಅದಕ್ಕೆ ಕಲಾಸೇವೆಯ ದಾಖಲೆ ಬೇಕು. ಹಳೆಯ ಟ್ರಂಕು ತೆಗೆದರೆ ಎರಡು ಹ್ಯಾಂಡ್‌ಬಿಲ್ಲು ಸಿಕ್ಕವು. ಅವುಗಳಲ್ಲಿ ಉದ್ಘಾಟಕರ ಹೆಸರಿದೆ, ಅಧ್ಯಕ್ಷರ ಹೆಸರಿದೆ, ದೇಣಿಗೆ ಕೊಟ್ಟವರ ಹೆಸರಿದೆ. ಆಡಿದವರ ವಿಷಯಕ್ಕೆ "ಊರಿನ ಕಲಾವಿದರಿಂದ" ಎಂದಷ್ಟೇ ಇದೆ.

ನಾನು ಕೈಚೆಲ್ಲಿ ಕುಳಿತಾಗ ಓಣಿಯ ಹಿರಿಯರೊಬ್ಬರು ಹಳೆಯ ಲೆಕ್ಕದ ವಹಿಯೊಂದನ್ನು ಹುಡುಕಿ ತಂದುಕೊಟ್ಟರು. ಆಟದ ಖರ್ಚಿನ ಕೊನೆಗೆ ಆಯೇರಿಯ ಲೆಕ್ಕ ಬರೆದಿತ್ತು. ಇಂದ್ರಜಿತು ಪಾತ್ರಕ್ಕೆ ಹನ್ನೊಂದು ರೂಪಾಯಿ, ಎದುರಿಗೆ ಮುತ್ಯಾನ ಹೆಸರು. ಗಾಳಿಯಲ್ಲಿ ಕರಗಿತೆಂದುಕೊಂಡಿದ್ದ ಹೆಸರು ಆ ಹಳದಿ ಹಾಳೆಯ ಮೇಲೆ ಉಳಿದಿತ್ತು. ಅದನ್ನು ಓದಿ ಹೇಳಿದೆ. ಆತ ತನ್ನ ಮಾತೇ ಆಡಲಿಲ್ಲ. "ಮಾಸ್ತರನ ಹೆಸರು ಅದ ಏನ ನೋಡವಾ. ಮೊದಲ ಅವನದು ಬರಿ" ಎಂದ. ಮಾಸ್ತರ ತೀರಿಹೋಗಿ ಎಷ್ಟೋ ವರ್ಷಗಳಾದವು. ಪರಿಚಯದ ಮೊದಲ ಸಾಲಿನಲ್ಲಿ ಆತನ ಹೆಸರನ್ನೇ ಬರೆದೆ. ವಹಿಯ ಪುಟದ ಪ್ರತಿಯನ್ನು ಲಗತ್ತಿಸಿ ಅರ್ಜಿ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಸಹಪಾಠಿ ಮಿತ್ರರೇ, ಧಾರಾವಾಹಿ ನೋಡಬೇಡಿರೆಂದು ನಾನು ಹೇಳುವುದಿಲ್ಲ. ನಾನೂ ನೋಡುತ್ತೇನೆ, ಪ್ರಶಸ್ತಿಯ ರಾತ್ರಿ ನಾನೂ ಚಿಕ್ಕಮ್ಮನೊಡನೆ ಜಗಳಾಡುತ್ತೇನೆ. ಆದರೆ ಪರದೆಯ ಮೇಲಿನ ನಟರಿಗಾಗಿ ಮತ ಹಾಕುವ ಉತ್ಸಾಹದಲ್ಲಿ ನೂರರ ಒಂದು ಪಾಲನ್ನು ನಮ್ಮ ಊರುಗಳಿಗಾಗಿ ತೆಗೆದಿಡೋಣ. ನಿಮ್ಮೂರಲ್ಲಿಯೂ ಒಬ್ಬ ರಾವಣ, ಒಬ್ಬ ಭೀಮ, ಮದ್ದಳೆ ಬಾರಿಸಿದವನೊಬ್ಬ, ರಾಳ ಎರಚಿದವನೊಬ್ಬ ಇರಬಹುದು. ಅವರನ್ನು ಕಂಡು ಹೆಸರು, ಪಾತ್ರ, ಆಟ, ಇಸವಿ ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆದಿಡಿರಿ. ಮುಂದೆ ಯಾವ ಪಟ್ಟಿಗಾದರೂ ಹೆಸರು ಸೂಚಿಸುವ ಪ್ರಸಂಗ ಬಂದಾಗ ಸೂಚಿಸಲು ಹೆಸರಾದರೂ ನಮ್ಮ ಕೈಯಲ್ಲಿರಬೇಕು. ಓದು ಬರಹ ಕಲಿತ ನಮ್ಮಿಂದ ಊರು ಇಷ್ಟನ್ನಾದರೂ ನಿರೀಕ್ಷಿಸಿದರೆ ಅದು ಹೆಚ್ಚಾಗದು.