ಬೆಳಕಿಗೊಂದು ಕಾಲುವೆ

ಜುರಾಲ ಜಲಾಶಯದಿಂದ ಹೊರಟ ಕೃಷ್ಣೆಯ ನೀರು ದಂಡೆಗಳ ನಡುವೆ ಗದ್ವಾಲದ ಹೊಲಗಳಿಗೆ ಹರಿಯುವುದನ್ನು ನಮ್ಮ ಮಕ್ಕಳು ಬಲ್ಲರು. ಬೆಳಕಿಗೂ ಇಂತಹ ಕಾಲುವೆಗಳುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಕುರಿತು ಸಂಶೋಧನೆ ನಡೆಯುತ್ತಿದೆ.

ಸಿಲಿಕಾನಿನ ಈ ಕಾಲುವೆಯ ಅಗಲ ಸುಮಾರು 500 ನ್ಯಾನೋಮೀಟರ್; ತಲೆಗೂದಲಿನ ಸುಮಾರು ನೂರರಲ್ಲೊಂದು ಪಾಲು. ಸಿಲಿಕಾನಿನ ವಕ್ರೀಭವನ ಸೂಚ್ಯಂಕ ಸುಮಾರು 3.5, ಸುತ್ತಲಿನ ಗಾಜಿನದು 1.45. ಈ ಅಂತರವೇ ಅವಕೆಂಪು ಬೆಳಕನ್ನು ಒಳಗೆ ಹಿಡಿದಿಡುವ ದಂಡೆ.

ಸೆಕೆಂಡನ್ನು ಹತ್ತು ಕೋಟಿ ಪಾಲು ಮಾಡಿ, ಒಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿದರೆ ದೊರೆಯುವುದು ಒಂದು ಫೆಮ್ಟೋಸೆಕೆಂಡು. ಕೆಲವು ನೂರು ಫೆಮ್ಟೋಸೆಕೆಂಡುಗಳ ಬೆಳಕಿನ ಮಿಡಿತವನ್ನು ಈ ಇಕ್ಕಟ್ಟಿನ ಹಾದಿಯಲ್ಲಿ ಹರಿಸಿದಾಗ ತೀವ್ರತೆ ಅಪಾರವಾಗಿ ಹೆಚ್ಚಿ, ಮಿಡಿತದಲ್ಲಿ ಮೊದಲಿರದ ಬಣ್ಣಗಳು ಹುಟ್ಟುತ್ತವೆ. ಅನಿಲಗಳನ್ನು ಗುರುತಿಸಲು ಇಂತಹ ಬೆಳಕು ಉಪಯುಕ್ತ.

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳ ಮಾತೃಭಾಷಾ ಶಿಕ್ಷಣವನ್ನು ಪ್ರಾಥಮಿಕ ಹಂತಕ್ಕಷ್ಟೇ ಹೇಳುತ್ತದೆ. ಮುಂದಿನ ವಿಜ್ಞಾನವನ್ನು ಕನ್ನಡದಲ್ಲಿ ಉಳಿಸಿಕೊಳ್ಳುವ ಹೊಣೆ ನಮ್ಮ ಮನೆಗಳದೂ ಹೌದು. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಮಕ್ಕಳು ಇದನ್ನು ತಾಯ್ನುಡಿಯಲ್ಲಿ ಗ್ರಹಿಸಿದರೆ, ನಾಳಿನ ಇಂಗ್ಲಿಷ್ ಪದಗಳು ಅವರಿಗೆ ತಿಳಿದ ಸಂಗತಿಯ ಹೊಸ ಹೆಸರುಗಳಷ್ಟೇ ಆಗುವುವು.