ಇರುಳುಗುರುಡು ಮತ್ತು ಮನೆಮಂದಿಯ ಕಣ್ಣಿನ ವಿದ್ಯುತ್ ಪರೀಕ್ಷೆ

ಮಲಾಡ್ ನಿಲ್ದಾಣದಲ್ಲಿ ಸಂಜೆಯ ಲೋಕಲಿನಿಂದ ಇಳಿಯುವ ತರುಣನೊಬ್ಬನನ್ನು ಊಹಿಸಿಕೊಳ್ಳೋಣ. ಹಗಲಿನಲ್ಲಿ ಲೆಕ್ಕಪುಸ್ತಕದ ಸಣ್ಣ ಅಂಕಿಗಳನ್ನೂ ಸಲೀಸಾಗಿ ಓದುವ ಈತ ಕತ್ತಲಾದೊಡನೆ ಮೆಟ್ಟಿಲಿಗಾಗಿ ಕಾಲಿನಿಂದ ತಡಕಾಡುತ್ತಾನೆ. ಮನೆಯವರು ಗಜ್ಜರಿ, ಸೊಪ್ಪು ತಿನ್ನಿಸುತ್ತಾರೆ. 'ಎ' ಜೀವಸತ್ವದ ಕೊರತೆಯಿಂದ ಬಂದ ಇರುಳುಗುರುಡಾದರೆ ಗುಣವಾದೀತು. ಆದರೆ ಊರಿನಲ್ಲಿರುವ ಸೋದರಮಾವನಿಗೂ ಹೀಗೆಯೇ ಆರಂಭವಾಗಿ, ನಲವತ್ತರ ಹೊತ್ತಿಗೆ ಕೈಹಿಡಿದು ನಡೆಸಬೇಕಾಗಿ ಬಂದಿದ್ದರೆ, ಗಜ್ಜರಿಯನ್ನು ಬಿಟ್ಟು ವಂಶವೃಕ್ಷವನ್ನು ನೋಡಬೇಕಾಗುತ್ತದೆ.

ರೆಟಿನೈಟಿಸ್ ಪಿಗ್ಮೆಂಟೋಸ ಎಂಬ ಆನುವಂಶಿಕ ವ್ಯಾಧಿಯಲ್ಲಿ ಅಕ್ಷಿಪಟಲದ ಕೋಶಗಳು, ಅದರಲ್ಲೂ ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳು, ಮೆಲ್ಲಮೆಲ್ಲನೆ ಕ್ಷೀಣಿಸುತ್ತವೆ. ವೈದ್ಯರಿಗೆ ಕಾಣುವ ಕಪ್ಪು ಕಲೆಗಳು ತಡವಾಗಿ ಮೂಡಬಹುದು. ಕೋಶಗಳ ವಿದ್ಯುತ್ ಸ್ಪಂದನ ಅದಕ್ಕೂ ಮೊದಲೇ ಕುಂದಿರುತ್ತದೆ. ಬೆಳಕಿಗೆ ಕಣ್ಣು ತೋರುವ ಈ ಸ್ಪಂದನವನ್ನು ಸ್ವೀಡನ್ನಿನ ಹೋಲ್ಮ್‌ಗ್ರೆನ್ 1865ರಲ್ಲಿ ಕಪ್ಪೆಯ ಕಣ್ಣಿನಲ್ಲಿ ದಾಖಲಿಸಿದರು. ಅದೇ ದೇಶದ ಕಾರ್ಪೆಯವರ 1945ರ ಅಧ್ಯಯನದಿಂದ ಅದು ರೋಗಿಗಳ ಪರೀಕ್ಷೆಗೆ ಒದಗಿತು.

ಇದೇ ಎಲೆಕ್ಟ್ರೋರೆಟಿನೋಗ್ರಾಂ, ಅಂದರೆ ಇ.ಆರ್.ಜಿ. ಔಷಧದ ಹನಿಯಿಂದ ಪಾಪೆಯನ್ನು ಹಿಗ್ಗಿಸಿ, 20 ನಿಮಿಷ ಕತ್ತಲೆಯಲ್ಲಿ ಕೂರಿಸಿ, ಕಣ್ಣಿಗೆ ತೆಳುವಾದ ವಿದ್ಯುದ್ವಾರವನ್ನು ತಾಗಿಸಿ ಬೆಳಕು ಮಿಂಚಿಸುತ್ತಾರೆ. ನೋವಿಲ್ಲ, ತಾಳ್ಮೆ ಮಾತ್ರ ಬೇಕು. ಆರೋಗ್ಯವಂತ ಕಣ್ಣಿನ ಅಲೆ ನೂರಾರು ಮೈಕ್ರೋವೋಲ್ಟ್ ಏರುತ್ತದೆ. ಈ ವ್ಯಾಧಿ ಬಲಿತಲ್ಲಿ ಗೆರೆ ಬಹುತೇಕ ಸಪಾಟು.

ಆದ್ದರಿಂದ ಒಬ್ಬನಿಗೆ ವ್ಯಾಧಿ ಖಚಿತವಾದರೆ, ಇನ್ನೂ ದೂರು ಹೇಳದ ತಮ್ಮ ತಂಗಿಯರನ್ನೂ ಪರೀಕ್ಷಿಸುವುದು ಯುಕ್ತ. ಮಾವ, ಸೋದರಳಿಯ ಇಬ್ಬರಿಗೂ ಬಂದಿದ್ದರೆ ದೋಷವು ತಾಯಿಯ ಮೂಲಕ ಹರಿದಿರಬಹುದು. ದೃಷ್ಟಿ ಚೆನ್ನಾಗಿರುವ ಕೆಲವು ತಾಯಂದಿರಲ್ಲೂ ಅಲೆ ತುಸು ತಗ್ಗಿರುವುದುಂಟು. ಇನ್ನು ಕೆಲವು ಮನೆತನಗಳಲ್ಲಿ ತಂದೆತಾಯಿ ಇಬ್ಬರಲ್ಲೂ ದೋಷ ಅಡಗಿದ್ದು, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಕಡೆಯ ಪದ್ಧತಿ ಇಂಥ ಅಡಗಿದ ದೋಷಗಳು ಕೂಡುವ ಸಂಭವವನ್ನು ಹೆಚ್ಚಿಸುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಹುಡುಗಿಯ ಇ.ಆರ್.ಜಿ. ಸರಿಯಾಗಿದೆ, ಇನ್ನು ಲಗ್ನಪತ್ರಿಕೆ ಬರೆಸಬಹುದು ಎಂಬ ತೀರ್ಮಾನ ತಪ್ಪು. ಅಡಗಿದ ದೋಷ ಈ ಅಲೆಗಳಲ್ಲಿ ಸಾಮಾನ್ಯವಾಗಿ ಕಾಣದು. ಅದಕ್ಕೆ ರಕ್ತದಿಂದ ಮಾಡುವ ಜೀನ್ ಪರೀಕ್ಷೆಯೇ ಆಗಬೇಕು. ಚಿಕಿತ್ಸೆಯ ದೃಷ್ಟಿಯಿಂದಲೂ ಜೀನ್ ತಿಳಿದಿರುವುದು ಲೇಸು: ಆರ್.ಪಿ.ಇ. 65 ಎಂಬ ಒಂದು ಜೀನಿನ ದೋಷಕ್ಕೆ 2017ರಲ್ಲಿ ಅಮೆರಿಕದಲ್ಲಿ ಜೀನ್ ಚಿಕಿತ್ಸೆ ಮಂಜೂರಾಗಿದೆ.

ಆಸ್ಪತ್ರೆಗೆ ಹೋಗುವ ಮುನ್ನ ಊರಿನ ಅಜ್ಜಿಯನ್ನು ಕೇಳಿ, ಯಾರಿಗೆ ಯಾರು ಏನಾಗಬೇಕು, ಯಾರಿಗೆ ಯಾವ ವಯಸ್ಸಿನಲ್ಲಿ ಕಣ್ಣು ಮಂದವಾಯಿತು ಎಂದು ಬರೆದುಕೊಂಡು ಹೋಗುವುದು ಒಳ್ಳೆಯದು. ಪರೀಕ್ಷೆಯ ಬಳಿಕ ಕೆಲವು ಗಂಟೆ ನೋಟ ಮಂಜಾಗಿರುವುದರಿಂದ, ಮರಳಿ ಲೋಕಲ್ ಹತ್ತುವಾಗ ಜೊತೆಗೊಬ್ಬರಿರಲಿ.